ಬಚ್ಚಿಟ್ಟ ಆಟಗಳ ಕಥೆ

ಕಳೆದ ಯುಗಾದಿ ಕಾರ್ಯಕ್ರಮಕ್ಕೆ ಬಂದಿದ್ದವರು ಆ ಹತ್ತು ನಿಮಿಷವನ್ನು ಮರೆತಿರಲಾರರು. ಮಕ್ಕಳ ಕೋಲಾಟ ಮುಗಿದಿತ್ತು. ಊರಿನಿಂದ ಹಿರಿಯರು ಕಳಿಸಿದ್ದ ಶುಭಾಶಯಗಳ ವಿಡಿಯೋ ತೋರಿಸಬೇಕು ಅನ್ನುವಷ್ಟರಲ್ಲಿ ಸಭಾಂಗಣದ ಇಂಟರ್ನೆಟ್ ಕೈಕೊಟ್ಟಿತು. ದೊಡ್ಡ ಪರದೆಯ ಮೇಲೆ ಹಿರಿಯರ ಮುಖದ ಬದಲು ಬೂದು ಬಣ್ಣದ ಒಂದು ಪುಟ್ಟ ಡೈನೋಸಾರ್ ಬಂದು ನಿಂತಿತು. ಸಮಿತಿಯವರು ಒಂದು ವೈರು ಕಿತ್ತು ಇನ್ನೊಂದು ಚುಚ್ಚಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಷ್ಟರಲ್ಲಿ ಜುಬ್ಬಾ ತೊಟ್ಟ ಏಳೆಂಟು ವರ್ಷದ ಹುಡುಗನೊಬ್ಬ ವೇದಿಕೆ ಹತ್ತಿ ಕೀಬೋರ್ಡಿನ ಉದ್ದನೆಯ ಕೀಲಿಯನ್ನು ಒತ್ತಿದ. ಡೈನೋಸಾರ್ ಓಡತೊಡಗಿತು! ಕಳ್ಳಿಗಿಡ ಎದುರು ಬಂದಾಗಲೆಲ್ಲ ಹಾರಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು "ಹಾರೋ ಮಗಾ, ಹಾರು!" ಎಂದು ಕೂಗಿದ್ದು ಕೊನೆಯ ಸಾಲಿಗೂ ಕೇಳಿಸಿತು. ವಿಡಿಯೋ ಕೊನೆಗೂ ಬಂತು, ಆದರೆ ಅಷ್ಟು ಚಪ್ಪಾಳೆ ಅದಕ್ಕೆ ಬೀಳಲಿಲ್ಲ ಅನ್ನುವುದನ್ನು ಒಪ್ಪಿಕೊಳ್ಳಲೇಬೇಕು.

ಊಟದ ಹೊತ್ತಿನಲ್ಲಿ ಅದೇ ಅಜ್ಜಿ ನಮ್ಮನ್ನು ಕೇಳಿದರು: "ಅಲ್ಲಪ್ಪಾ, ಕಾಸಿಲ್ಲದೆ ಆಡೋ ಆಟಾನ ಅಲ್ಲಿ ಬಚ್ಚಿಟ್ಟವರು ಯಾರು? ಯಾತಕ್ಕೆ ಬಚ್ಚಿಟ್ಟರು?" ನಮ್ಮ ಮೇಜಿನಲ್ಲಿ ಕೂತಿದ್ದ ಎಂಟು ಜನರಲ್ಲಿ ಆರು ಜನ ಕಂಪ್ಯೂಟರ್ ಕೆಲಸದವರು. ಒಬ್ಬರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಹೋಳಿಗೆಗೆ ತುಪ್ಪ ಹಾಕಿಕೊಳ್ಳುವ ನೆಪದಲ್ಲಿ ಎದ್ದುಹೋದೆವು. ಈ ಲೇಖನ ಆ ಅಜ್ಜಿಗೆ ನಾವು ಕೊಡಬೇಕಾಗಿದ್ದ ಉತ್ತರ. ಸ್ವಲ್ಪ ಉದ್ದವಾಗಿದೆ, ಓದುಗರು ಕ್ಷಮಿಸಬೇಕು.

ಮೊದಲು ಆ ಡೈನೋಸಾರ್ ವಿಷಯ. ಅದು ಗೂಗಲ್ ಸಂಸ್ಥೆಯ ಕ್ರೋಮ್ ಎಂಬ ಬ್ರೌಸರಿನ ಒಳಗಿದೆ. 2014ರ ಸೆಪ್ಟೆಂಬರಿನಲ್ಲಿ ಸೆಬಾಸ್ಟಿಯನ್ ಗೇಬ್ರಿಯಲ್, ಆಲನ್ ಬೆಟೀಸ್ ಮತ್ತು ಎಡ್ವರ್ಡ್ ಜಂಗ್ ಎಂಬ ಮೂವರು ಸೇರಿ ಅದನ್ನು ಇಟ್ಟರು. ಇಂಟರ್ನೆಟ್ ಇಲ್ಲದಿದ್ದರೆ ನಾವು ಡೈನೋಸಾರ್ ಕಾಲಕ್ಕೆ ಹಿಂತಿರುಗಿದ ಹಾಗೆ ಎಂಬುದು ಅದರ ಹಾಸ್ಯ. ಟಿ. ರೆಕ್ಸ್ ಜಾತಿಯ ಡೈನೋಸಾರ್ ಭೂಮಿಯ ಮೇಲೆ ಎಷ್ಟು ಕಾಲ ಬದುಕಿತ್ತೋ ಅಷ್ಟು ಕಾಲ, ಅಂದರೆ ಸುಮಾರು 1 ಕೋಟಿ 70 ಲಕ್ಷ ವರ್ಷ ಆಡಿದರೆ ಆಟ ಮುಗಿಯುತ್ತದೆ ಎಂದು ಮಾಡಿದವರೇ ತಮಾಷೆಗೆ ಹೇಳಿದ್ದಾರೆ. 2018ರಲ್ಲಿ ಗೂಗಲ್ ಕೊಟ್ಟ ಲೆಕ್ಕದಂತೆ ತಿಂಗಳಿಗೆ 27 ಕೋಟಿ ಆಟಗಳು ನಡೆಯುತ್ತಿದ್ದವು. ಎಲ್ಲಿ ಹೆಚ್ಚು? ಸಿಲಿಕಾನ್ ವ್ಯಾಲಿಯಲ್ಲಲ್ಲ. ಭಾರತ, ಬ್ರೆಜಿಲ್, ಮೆಕ್ಸಿಕೋ, ಇಂಡೋನೇಷ್ಯಾ ಮುಂತಾದ ಕಡೆ, ಎಲ್ಲಿ ಇಂಟರ್ನೆಟ್ ದುಬಾರಿಯೋ, ಎಲ್ಲಿ ಅದು ಬಂದು ಬಂದು ಹೋಗುತ್ತದೋ ಅಲ್ಲಿ. ಊರಿನಲ್ಲಿ ಕರೆಂಟು ಹೋದಾಗ ಮಕ್ಕಳು ಗೋಡೆಯ ಮೇಲೆ ಕೈನೆರಳಿನ ಜಿಂಕೆ, ನಾಯಿ ಮಾಡಿ ಕೂರುತ್ತಿದ್ದರಲ್ಲ, ಇದೂ ಅದೇ ಜಾತಿಯದು.

ಗೂಗಲ್‌ನ ಹುಡುಕುವ ಪೆಟ್ಟಿಗೆಯ ಒಳಗಿರುವವು ಬೇರೆ. ಸಾಮಾನ್ಯವಾಗಿ ನಾವು ಏನಾದರೂ ಪದ ಬರೆದರೆ ಅದು ತನ್ನ ದೊಡ್ಡ ಸೂಚಿಯಲ್ಲಿ ಹುಡುಕಿ ಪುಟಗಳ ಪಟ್ಟಿ ಕೊಡುತ್ತದೆ. ಆದರೆ ಕೆಲವೇ ಕೆಲವು ಪದಗಳಿಗೆ ಬೇರೊಂದು ಪ್ರೋಗ್ರಾಮು ಕಾದು ಕೂತಿರುತ್ತದೆ. ಆ ಪದ ಬಂತೋ, ಅದು ಎದ್ದು ಬರುತ್ತದೆ. ಬಾಗಿಲಲ್ಲಿ ನಿಂತು ಗುಟ್ಟಿನ ಮಾತು ಹೇಳಿದರೆ ಗುಹೆ ತೆರೆದುಕೊಳ್ಳುವ ಅಲಿಬಾಬಾನ ಕಥೆಯ ಹಾಗೆ. 2011ರ ನವೆಂಬರಿನಲ್ಲಿ 'ಡೂ ಎ ಬ್ಯಾರೆಲ್ ರೋಲ್' ಎಂದು ಬರೆದವರಿಗೆ ಇಡೀ ಪುಟ ಲಾಗ ಹೊಡೆದು ತೋರಿಸಿತು. ಅದು ಆಟವಲ್ಲ, ಬರೀ ಚೇಷ್ಟೆ. 2012ರ ಏಪ್ರಿಲಿನಲ್ಲಿ 'ಝರ್ಗ್ ರಷ್' ಎಂದು ಬರೆದಾಗ ಗೂಗಲ್ ಹೆಸರಿನಲ್ಲಿರುವ ಸೊನ್ನೆಯಂಥ ಅಕ್ಷರಗಳು ಮೇಲಿನಿಂದ ಉದುರಿ, ಹುಡುಕಿದ ಉತ್ತರಗಳನ್ನೇ ಗೆದ್ದಲಿನಂತೆ ತಿನ್ನತೊಡಗಿದವು. ಅವನ್ನು ಮೌಸಿನಿಂದ ಹೊಡೆದು ಸಾಯಿಸಬೇಕು. ಸೋತರೆ ಅವೆಲ್ಲ ಸೇರಿ 'ಜಿಜಿ', ಅಂದರೆ 'ಒಳ್ಳೆಯ ಆಟ' ಎಂದು ಅಕ್ಷರ ಕಟ್ಟಿ ನಿಲ್ಲುತ್ತಿದ್ದವು. ಇದು 1998ರ ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟ ಬಲ್ಲವರಿಗೆ ಮಾತ್ರ ಹತ್ತುವ ಗುಟ್ಟು. 2016ರ ಆಗಸ್ಟಿನಲ್ಲಿ ಸಾಲಿಟೇರ್ ಎಂಬ ಒಬ್ಬರೇ ಆಡುವ ಇಸ್ಪೀಟು, ಮತ್ತು ನಾವೆಲ್ಲ ಸ್ಲೇಟಿನ ಮೇಲೆ ಸೊನ್ನೆ, ಗುಣಾಕಾರದ ಗುರುತು ಹಾಕಿ ಆಡುತ್ತಿದ್ದ ಟಿಕ್ ಟ್ಯಾಕ್ ಟೋ ಬಂದವು. ಟಿಕ್ ಟ್ಯಾಕ್ ಟೋದ ಅತಿ ಕಷ್ಟದ ಹಂತದಲ್ಲಿ ಯಂತ್ರ ಯಾರಿಗೂ ಸೋಲುವುದಿಲ್ಲ. ಹೆಚ್ಚೆಂದರೆ ಸಮ ಮಾಡಿಕೊಳ್ಳಬಹುದು. ಇದನ್ನು ತಿಳಿಯದೆ ಒಂದು ಶನಿವಾರ ಮಧ್ಯಾಹ್ನ ಕಳೆದೆವು, ಅದನ್ನು ಇಲ್ಲಿ ವಿವರಿಸುವುದು ಬೇಡ.

ಈಗ ಅಜ್ಜಿಯ ಎರಡನೆಯ ಪ್ರಶ್ನೆ. ಯಾತಕ್ಕೆ ಬಚ್ಚಿಟ್ಟರು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಗೂಗಲ್ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಹಿಂದಕ್ಕೆ, ಕ್ಯಾಲಿಫೋರ್ನಿಯಾದ ಅಟಾರಿ ಕಂಪನಿಗೆ ಹೋಗಬೇಕಾಗುತ್ತದೆ.

ಅಟಾರಿ 1977ರಲ್ಲಿ ಟೆಲಿವಿಷನ್ನಿಗೆ ಜೋಡಿಸಿ ಆಡುವ ಒಂದು ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಬೇಕಾದ ಒಂದೊಂದು ಆಟವನ್ನೂ ಸಾಮಾನ್ಯವಾಗಿ ಒಬ್ಬನೇ ವ್ಯಕ್ತಿ ತಿಂಗಳುಗಟ್ಟಲೆ ಕೂತು ಮಾಡುತ್ತಿದ್ದ. ಕಲ್ಪನೆ ಅವನದೇ, ಚಿತ್ರ ಅವನದೇ, ಸದ್ದು ಅವನದೇ, ಪ್ರೋಗ್ರಾಮೂ ಅವನದೇ. ಆದರೆ ಡಬ್ಬದ ಮೇಲೆ ಅವನ ಹೆಸರಿಲ್ಲ, ಒಳಗಿನ ಪುಸ್ತಿಕೆಯಲ್ಲೂ ಇಲ್ಲ. ಮಾರಾಟದಲ್ಲಿ ಪಾಲು ಮೊದಲೇ ಇಲ್ಲ. ಅಲ್ಲಿದ್ದ ಡೇವಿಡ್ ಕ್ರೇನ್ ಮುಂತಾದವರು ಮುಖ್ಯಸ್ಥರ ಬಳಿ ಹೋಗಿ ಕೇಳಿದಾಗ, ಆಟದ ಯಶಸ್ಸಿನಲ್ಲಿ ನಿಮ್ಮ ಪಾತ್ರ ಕಾರ್ಖಾನೆಯಲ್ಲಿ ಅದನ್ನು ಜೋಡಿಸುವವರದಕ್ಕಿಂತ ಹೆಚ್ಚಿನದೇನೂ ಅಲ್ಲ ಎಂಬ ಅರ್ಥದ ಉತ್ತರ ಬಂತೆಂದು ಕ್ರೇನ್ ಮುಂದೆ ನೆನಪಿಸಿಕೊಂಡಿದ್ದಾರೆ. ಕ್ರೇನ್ ಮತ್ತು ಮೂವರು ಸಹೋದ್ಯೋಗಿಗಳು 1979ರಲ್ಲಿ ಹೊರಬಂದು ಆಕ್ಟಿವಿಷನ್ ಎಂಬ ಕಂಪನಿ ಕಟ್ಟಿ, ಆಟ ಮಾಡಿದವರ ಹೆಸರನ್ನು ಅಚ್ಚುಹಾಕಿಸಿಯೇ ಮಾರಿದರು. ಅದು ಜಗಳ ಆಡಿ ಗೆದ್ದವರ ದಾರಿ.

ವಾರೆನ್ ರಾಬಿನೆಟ್ ಎಂಬ ಯುವಕ ಜಗಳ ಆಡಲಿಲ್ಲ. ಅವನು 'ಅಡ್ವೆಂಚರ್' ಎಂಬ ಆಟ ಮಾಡುತ್ತಿದ್ದ. ಕೋಟೆ ಕೋಟೆ ಸುತ್ತಿ, ಡ್ರಾಗನ್‌ಗಳನ್ನು ತಪ್ಪಿಸಿಕೊಂಡು, ಒಂದು ಮಾಯಾ ಬಟ್ಟಲನ್ನು ಚಿನ್ನದ ಕೋಟೆಗೆ ತಂದು ಸೇರಿಸಬೇಕು. ಡ್ರಾಗನ್‌ಗಳು ಬಾತುಕೋಳಿಯ ಹಾಗೆ ಕಾಣುತ್ತಿದ್ದವು, ವೀರನೋ ಬರೀ ಒಂದು ಚೌಕ. ಬೈದುಕೊಳ್ಳಬೇಡಿ, ಇಡೀ ಆಟಕ್ಕೆ ಸಿಕ್ಕಿದ್ದ ಜಾಗ 4 ಕಿಲೋಬೈಟ್. ನಮ್ಮ ಈ ಲೇಖನವೇ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಇಷ್ಟರಲ್ಲಿ ಆಗುವುದಿಲ್ಲ, ಬಿಟ್ಟುಬಿಡು ಎಂದು ಮೇಲಿನವರು ಹೇಳಿದ್ದರು. ಅವನು ಬಿಡಲಿಲ್ಲ. ಅಷ್ಟೇ ಅಲ್ಲ, ಆ ಇಕ್ಕಟ್ಟಿನಲ್ಲೇ ಯಾರಿಗೂ ಹೇಳದೆ ಇನ್ನೊಂದು ಕೋಣೆ ಕಟ್ಟಿದ. ಕಪ್ಪು ಕೋಟೆಯ ಸುತ್ತುಬಳಸಿನ ದಾರಿಯಲ್ಲಿ ಒಂದು ಬೂದು ಚುಕ್ಕೆ. ಹಿನ್ನೆಲೆಯ ಬಣ್ಣವೇ ಅದರದೂ ಆದ್ದರಿಂದ ಕಣ್ಣಿಗೆ ಬೀಳುವುದೇ ಕಷ್ಟ. ಅದನ್ನು ಎತ್ತಿಕೊಂಡು ಸರಿಯಾದ ಜಾಗಕ್ಕೆ ಹೋದರೆ ಗೋಡೆಯನ್ನೇ ದಾಟಬಹುದು. ಆಚೆಯ ಕೋಣೆಯಲ್ಲಿ ಬಣ್ಣ ಬದಲಿಸುತ್ತಾ ಮಿನುಗುವ ಒಂದು ಸಾಲು: ಇದನ್ನು ಮಾಡಿದವನು ವಾರೆನ್ ರಾಬಿನೆಟ್.

ಅವನು ಸ್ನೇಹಿತರಿಗೂ ಹೇಳಲಿಲ್ಲ. ಹೇಳಿದ್ದರೆ ಸುದ್ದಿ ಹಬ್ಬಿ ಕಂಪನಿ ಅಳಿಸಿಬಿಡುತ್ತಿತ್ತು. 1979ರಲ್ಲಿ ಕೆಲಸ ಬಿಟ್ಟು ಹೋದ. ಆಟ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಒಂದಕ್ಕೆ ಸುಮಾರು 25 ಡಾಲರ್. ರಾಬಿನೆಟ್‌ಗೆ ಸಿಕ್ಕಿದ್ದು ವರ್ಷಕ್ಕೆ ಸುಮಾರು 22,000 ಡಾಲರ್ ಸಂಬಳ, ಅಷ್ಟೆ. 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ ಹದಿನೈದು ವರ್ಷದ ಹುಡುಗನೊಬ್ಬ ಆ ಕೋಣೆಯನ್ನು ಕಂಡುಹಿಡಿದು ಅಟಾರಿಗೆ ಕಾಗದ ಬರೆದ. ಕಂಪನಿಯಲ್ಲಿ ಗದ್ದಲವೆದ್ದಿತು. ಹೊಸ ಚಿಪ್ ಮಾಡಿಸಿ ಹೆಸರು ತೆಗೆಯಬೇಕೆಂದರೆ ಸುಮಾರು 10,000 ಡಾಲರ್ ಖರ್ಚು. ಆಗ ಸ್ಟೀವ್ ರೈಟ್ ಎಂಬ ಅಧಿಕಾರಿ, ತೆಗೆಯುವುದು ಯಾಕೆ, ಮಕ್ಕಳು ಈಸ್ಟರ್ ಹಬ್ಬದಲ್ಲಿ ತೋಟದಲ್ಲಿ ಬಚ್ಚಿಟ್ಟ ಮೊಟ್ಟೆ ಹುಡುಕುತ್ತಾರಲ್ಲ, ಹಾಗೆ ಹುಡುಕಲಿ ಬಿಡಿ ಎಂದರು. ಪ್ರೋಗ್ರಾಮಿನೊಳಗೆ ಬಚ್ಚಿಟ್ಟದ್ದಕ್ಕೆಲ್ಲ 'ಈಸ್ಟರ್ ಎಗ್' ಎಂಬ ಹೆಸರು ಬಂದದ್ದು ಹೀಗೆ. ಇದಕ್ಕೂ ಮುಂಚೆ ಒಂದೆರಡು ಆಟಗಳಲ್ಲಿ ಹೆಸರು ಅಡಗಿಸಿದವರಿದ್ದಾರೆ, ಆದರೆ ಹೆಸರಾದದ್ದು ಇದೇ.

ಸೋಮನಾಥಪುರಕ್ಕೆ ಹೋದಾಗ ಅಲ್ಲಿಯ ಮೂರ್ತಿಗಳ ಪೀಠವನ್ನು ನೋಡಿರುತ್ತೀರಿ. ಮಲ್ಲಿತಮ್ಮ ತನ್ನ ಹೆಸರನ್ನು ಎಷ್ಟು ಕಡೆ ಕೊರೆದಿದ್ದಾನೆ! ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಊರಿನ ಸಮೇತ ಬರೆಸಿದ್ದಾರೆ. ಯಾವ ಬೂದು ಚುಕ್ಕೆಯೂ ಬೇಕಾಗಲಿಲ್ಲ. ಎಂಟುನೂರು ವರ್ಷ ಕಳೆದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸಗಾರನೊಬ್ಬ ಅದಕ್ಕಾಗಿ ಕಳ್ಳಕೋಣೆ ಕಟ್ಟಬೇಕಾಯಿತು.

ರಾಬಿನೆಟ್‌ಗೆ ಅಡ್ವೆಂಚರ್ ಆಟದ ಕಲ್ಪನೆ ಬಂದದ್ದು ಇನ್ನೊಂದು ಆಟದಿಂದ, ಆ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. ವಿಲ್ ಕ್ರೌದರ್ ಎಂಬವರು ಮ್ಯಾಸಚೂಸೆಟ್ಸಿನ ಕಂಪನಿಯೊಂದರಲ್ಲಿ ಆರ್ಪಾನೆಟ್ ಕೆಲಸದಲ್ಲಿದ್ದರು. ಇಂದಿನ ಇಂಟರ್ನೆಟ್ಟಿನ ಅಜ್ಜ ಅನ್ನಬಹುದಾದ ಜಾಲ ಅದು. ಅದರಲ್ಲಿ ಸಂದೇಶಗಳು ದಾರಿ ಹುಡುಕಿಕೊಂಡು ಹೋಗುವಂತೆ ಮಾಡುವ ಯಂತ್ರಗಳಿಗೆ ಪ್ರೋಗ್ರಾಮು ಬರೆದವರಲ್ಲಿ ಅವರೂ ಒಬ್ಬರು. ಗಂಡಹೆಂಡತಿ ಇಬ್ಬರಿಗೂ ಗುಹೆ ಹೊಕ್ಕು ನಕ್ಷೆ ಮಾಡುವ ಹುಚ್ಚು. ಕೆಂಟಕಿಯ ಮ್ಯಾಮತ್ ಗುಹೆಗಳನ್ನು ಚೆನ್ನಾಗಿ ಬಲ್ಲವರು. ಮುಂದೆ ಇಬ್ಬರೂ ಬೇರೆಯಾದರು. ಇಬ್ಬರು ಹೆಣ್ಣುಮಕ್ಕಳು ತಂದೆಯಿಂದ ದೂರವಾದರು. ಮಕ್ಕಳು ತಮ್ಮ ಬಳಿ ಬಂದಾಗ ಅವರಿಗೆ ಏನಾದರೂ ಇರಲಿ ಎಂದು ಕ್ರೌದರ್ 1975-76ರ ಸುಮಾರಿಗೆ ಆಫೀಸಿನ ದೊಡ್ಡ ಕಂಪ್ಯೂಟರಿನಲ್ಲಿ ಒಂದು ಆಟ ಬರೆದರು. ಚಿತ್ರವಿಲ್ಲ, ಬರೀ ಮಾತು. ನೀನು ಒಂದು ರಸ್ತೆಯ ಕೊನೆಯಲ್ಲಿ ನಿಂತಿದ್ದೀಯ ಎಂದು ಯಂತ್ರ ಹೇಳುತ್ತದೆ. ಯಾವ ದಿಕ್ಕಿಗೆ ಹೋಗಬೇಕೋ ಮಗು ಬರೆಯಬೇಕು. ಗುಹೆ ನಿಜವಾದದ್ದೇ, ಅಪ್ಪ ಅಮ್ಮ ಒಟ್ಟಿಗೆ ನಡೆದಿದ್ದ ಕೆಂಟಕಿಯ ಗುಹೆ.

ಆಟ ಹೇಗೋ ಜಾಲದ ಮೇಲೆ ಹಬ್ಬಿ ಸ್ಟ್ಯಾನ್‌ಫರ್ಡಿಗೆ ಬಂತು. ಅಲ್ಲಿ ಡಾನ್ ವುಡ್ಸ್ ಎಂಬ ವಿದ್ಯಾರ್ಥಿ ಅದನ್ನು ಬೆಳೆಸಬೇಕೆಂದು ಅನುಮತಿ ಕೇಳಲು ಹೊರಟ. ಮೂಲ ಲೇಖಕರ ಹೆಸರು ಗೊತ್ತು, ಎಲ್ಲಿದ್ದಾರೆ ಗೊತ್ತಿಲ್ಲ. ಆಗ ಜಾಲದಲ್ಲಿದ್ದ ಪ್ರತಿಯೊಂದು ಕಂಪ್ಯೂಟರಿಗೂ 'ಕ್ರೌದರ್' ಎಂಬ ಹೆಸರಿಗೆ ಒಂದೊಂದು ಕಾಗದ ಕಳಿಸಿಬಿಟ್ಟ. ಒಂದು ತಲುಪಿತು, ಒಪ್ಪಿಗೆಯೂ ಬಂತು. 1977ರಲ್ಲಿ ದೊಡ್ಡದಾದ ಆ ಆಟವನ್ನು ನೋಡಿಯೇ ರಾಬಿನೆಟ್ ಟೆಲಿವಿಷನ್ನಿನ ಮೇಲೆ ಹಾಗೆಯೇ ಒಂದು ಮಾಡಬೇಕೆಂದು ಹೊರಟದ್ದು.

ಇನ್ನು ಹಣ, ಹೆಸರುಗಳ ಕಥೆಗೆ ಮರಳಿದರೆ ಎಲ್ಲಿ ಮುಟ್ಟಿದರೂ ಅದೇ. ಅಟಾರಿಯ 1976ರ 'ಬ್ರೇಕ್‌ಔಟ್' ಆಟದ ಮಾದರಿಯನ್ನು ಸ್ಟೀವ್ ವಾಜ್ನಿಯಾಕ್ ನಾಲ್ಕು ದಿನ ನಿದ್ದೆಗೆಟ್ಟು ಕಟ್ಟಿಕೊಟ್ಟರು. ಕೆಲಸ ಹಿಡಿದು ತಂದಿದ್ದ ಗೆಳೆಯ ಸ್ಟೀವ್ ಜಾಬ್ಸ್ 700 ಡಾಲರ್‌ನಲ್ಲಿ ಅರ್ಧ ಕೊಟ್ಟರೆಂದೂ, ಕಂಪನಿ ಕೊಟ್ಟದ್ದು ಅದಕ್ಕಿಂತ ಎಷ್ಟೋ ಹೆಚ್ಚೆಂದು ವರ್ಷಗಳ ನಂತರ ತಿಳಿಯಿತೆಂದೂ ವಾಜ್ನಿಯಾಕ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 2013ರ ಮೇ ತಿಂಗಳಲ್ಲಿ ಗೂಗಲ್‌ನ ಚಿತ್ರ ಹುಡುಕುವ ಪುಟದಲ್ಲಿ 'ಅಟಾರಿ ಬ್ರೇಕ್‌ಔಟ್' ಎಂದು ಬರೆದರೆ ಚಿತ್ರಗಳೇ ಇಟ್ಟಿಗೆಗಳಾಗಿ, ಚೆಂಡು ಹೊಡೆದು ಒಡೆಯುವ ಆಟ ಶುರುವಾಗುತ್ತಿತ್ತು. ನಮ್ಮ ಹಿರಿಯರು ಮೌಸ್ ಹಿಡಿಯುವುದನ್ನು ಕಲಿತ ವಿಂಡೋಸ್ ಸಾಲಿಟೇರನ್ನು ಬರೆದದ್ದು ಮೈಕ್ರೋಸಾಫ್ಟಿಗೆ ತರಬೇತಿಗೆಂದು ಬಂದಿದ್ದ ವೆಸ್ ಚೆರ್ರಿ ಎಂಬ ವಿದ್ಯಾರ್ಥಿ. 1990ರಲ್ಲಿ ವಿಂಡೋಸ್ 3.0ರ ಜೊತೆ ಅದು ಲೋಕಕ್ಕೆಲ್ಲ ಹೋಯಿತು. ಅವನಿಗೆ ಗೌರವಧನ ಎಂದು ಒಂದು ಕಾಸೂ ಬರಲಿಲ್ಲ.

ಮೈಕ್ರೋಸಾಫ್ಟಿನವರೂ ಬಚ್ಚಿಟ್ಟವರೇ. ಲೆಕ್ಕಪತ್ರಕ್ಕೆಂದು ಇದ್ದ ಎಕ್ಸೆಲ್ 97ರಲ್ಲಿ ಒಂದು ಗೊತ್ತಾದ ಸಾಲಿಗೆ ಹೋಗಿ, ಎರಡು ಕೀಲಿ ಒತ್ತಿ ಹಿಡಿದು ಒಂದು ಚಿಹ್ನೆಯನ್ನು ಕ್ಲಿಕ್ಕಿಸಿದರೆ ನೇರಳೆ ಗುಡ್ಡಗಳ ಮೇಲೆ ವಿಮಾನ ಹಾರಾಡಿಸಬಹುದಿತ್ತು. ಹಾರುತ್ತಾ ಹೋದರೆ ಒಂದು ಕಲ್ಲು, ಅದರ ಮೇಲೆ ಎಕ್ಸೆಲ್ ಬರೆದವರ ಹೆಸರುಗಳು. ಮತ್ತೆ ಹೆಸರು! ಆಫೀಸಿನಲ್ಲಿ ಇದನ್ನು ಬಾಸ್ ಇಲ್ಲದಾಗ ನೋಡಿದವರು ನಮ್ಮ ಸದಸ್ಯರಲ್ಲೇ ಇದ್ದಾರೆ. 2002ರ ಜನವರಿಯಲ್ಲಿ ಬಿಲ್ ಗೇಟ್ಸ್ ಸುರಕ್ಷತೆಯೇ ಮೊದಲು ಎಂದು ಸಿಬ್ಬಂದಿಗೆಲ್ಲ ಪತ್ರ ಬರೆದ ನಂತರ ಅಲ್ಲಿ ಈ ಆಟ ನಿಂತಿತು. ಹೇಳದೆ ಒಂದು ವಿಮಾನ ಸೇರಿಸಿದವರು ಇನ್ನೇನು ಸೇರಿಸಿದ್ದಾರೋ ಎಂದು ಬ್ಯಾಂಕಿನವರು, ಸರ್ಕಾರದವರು ಕೇಳಿದರೆ ತಪ್ಪೆನ್ನಲಾಗದು.

ಇಲ್ಲಿಂದ ಮುಂದೆ ಬಚ್ಚಿಡುವುದರ ಅರ್ಥವೇ ಬದಲಾಯಿತು ಎಂದು ನಮ್ಮ ಅನಿಸಿಕೆ. ಗೂಗಲ್‌ನಲ್ಲಿ ಇರುವವು ಮಾಲೀಕರಿಗೆ ಗೊತ್ತಿಲ್ಲದೆ ನುಸುಳಿದ ಆಟಗಳಲ್ಲ, ಮಾಲೀಕರೇ ಬಾಗಿಲು ತೆರೆದು ಇಡಿಸಿದವು. 2010ರ ಮೇ 21ರಂದು ಪ್ಯಾಕ್‌ಮ್ಯಾನ್ ಆಟದ ಮೂವತ್ತನೆಯ ಹುಟ್ಟುಹಬ್ಬಕ್ಕೆ ಗೂಗಲ್ ತನ್ನ ಮುಖಪುಟದ ಹೆಸರಿನ ಅಕ್ಷರಗಳನ್ನೇ ಆಟದ ಓಣಿಗಳನ್ನಾಗಿ ಮಾಡಿತು. (ಜಪಾನಿನಲ್ಲಿ 'ಪಾಕು ಪಾಕು' ಅಂದರೆ ನಮ್ಮ 'ಗಬಗಬ'. ಅದರಿಂದಲೇ ಆ ಹೆಸರು.) 1980ರ ದಶಕದಲ್ಲಿ ಅಂಗಡಿಯಲ್ಲಿ ಒಂದೊಂದು ಆಟಕ್ಕೂ 25 ಸೆಂಟಿನ ನಾಣ್ಯ ಹಾಕಬೇಕಿತ್ತು. ಗೂಗಲ್ ಪುಟದಲ್ಲೂ 'ನಾಣ್ಯ ಹಾಕಿ' ಎಂಬ ಗುಂಡಿ ಇತ್ತು, ಒತ್ತಿದರೆ ಸಾಕು, ನಾಣ್ಯ ಬೇಡ. ಎರಡು ಸಲ ಒತ್ತಿದರೆ ಪ್ಯಾಕ್‌ಮ್ಯಾನನ ಜೊತೆಗೆ ಶ್ರೀಮತಿಯೂ ಬರುತ್ತಿದ್ದಳು, ಇಬ್ಬರು ಸೇರಿ ಆಡಬಹುದಿತ್ತು. ಲೋಕದಲ್ಲಿ 48 ಲಕ್ಷ ಗಂಟೆಗಳ ಕೆಲಸ ಹಾಳಾಯಿತೆಂದು ರೆಸ್ಕ್ಯೂಟೈಮ್ ಎಂಬ ಕಂಪನಿ ಅಂದಾಜು ಮಾಡಿತು. ಆ ಗಂಟೆಗಳಲ್ಲಿ ನಿಜವಾಗಿ ಎಷ್ಟು ಕೆಲಸ ಆಗುತ್ತಿತ್ತು ಎಂಬ ಅಂದಾಜನ್ನು ಯಾರೂ ಮಾಡಿದಂತಿಲ್ಲ.

2017ರ ಜೂನಿನಲ್ಲಿ ಚಾಂಪಿಯನ್ಸ್ ಟ್ರೋಫಿಗೆ ಕ್ರಿಕೆಟ್ ಆಟ ಬಂತು. ಇಂಗ್ಲಿಷಿನಲ್ಲಿ ಕ್ರಿಕೆಟ್ ಎಂದರೆ ರಾತ್ರಿ ಕಿರ್ರೆನ್ನುವ ಹುಳುವೂ ಹೌದಲ್ಲ, ಆದ್ದರಿಂದ ಬ್ಯಾಟು ಹಿಡಿದದ್ದು ಆ ಹುಳು, ಫೀಲ್ಡಿಂಗಿಗೆ ನಿಂತವು ಬಸವನ ಹುಳುಗಳು! ನಿಧಾನದ ಮೊಬೈಲ್ ಸಂಪರ್ಕದಲ್ಲೂ ತೆರೆದುಕೊಳ್ಳಲಿ ಎಂದು ಅದನ್ನು ಬೇಕೆಂದೇ ಅತಿ ಪುಟ್ಟದಾಗಿ ಮಾಡಿದ್ದರು. 2020ರ ಏಪ್ರಿಲ್ ಕೊನೆಯಲ್ಲಿ ಎಲ್ಲರೂ ಮನೆಯಲ್ಲಿ ಕೂತಿದ್ದಾಗ ಗೂಗಲ್ ಹಳೆಯ ಆಟಗಳನ್ನು ದಿನಕ್ಕೊಂದರಂತೆ ಮುಖಪುಟಕ್ಕೆ ತಂದಿತು, ಅದರಲ್ಲಿ ಈ ಕ್ರಿಕೆಟ್ಟೂ ಇತ್ತು. ಆಗ ಭಾರತಕ್ಕೆ ವಿಮಾನಗಳು ನಿಂತಿದ್ದವು. ನಮ್ಮ ಸಂಘದ ಒಂದು ಮನೆಯಲ್ಲಿ ಮೊಮ್ಮಗಳು ಇಲ್ಲಿ, ತಾತ ಶಿವಮೊಗ್ಗದಲ್ಲಿ. ದಿನಾ ಸಂಜೆ ಇಲ್ಲಿ ಅವಳು ಆಡುವುದು, ಮಾರನೆಯ ಬೆಳಿಗ್ಗೆ ಅಲ್ಲಿ ಅವರು ಆಡುವುದು, ಫೋನಿನಲ್ಲಿ ರನ್ ಹೇಳಿಕೊಳ್ಳುವುದು. ತಾತ ಡೈರಿಯಲ್ಲಿ ಬರೆದಿಟ್ಟಿದ್ದರು. ಅವರ ಲೆಕ್ಕದ ಮೇಲೆ ಮೊಮ್ಮಗಳಿಗೆ ಈಗಲೂ ಅನುಮಾನವಿದೆ.

ಕ್ರೌದರ್ ಅವರ ಗುಹೆಯೂ ಗೂಗಲ್‌ನಲ್ಲಿ ಮರುಜನ್ಮ ಪಡೆಯಿತು. 2018ರಲ್ಲಿ 'ಟೆಕ್ಸ್ಟ್ ಅಡ್ವೆಂಚರ್' ಎಂದು ಹುಡುಕಿ, ಪ್ರೋಗ್ರಾಮು ಬರೆಯುವವರು ಮಾತ್ರ ತೆರೆಯುವ ಕಿಟಕಿಯನ್ನು ಕ್ರೋಮ್‌ನಲ್ಲಿ ತೆರೆದರೆ, ಆಡುತ್ತೀಯಾ ಎಂದು ಅದು ಕೇಳುತ್ತಿತ್ತು. ಒಪ್ಪಿದರೆ ನಾವೇ ಗೂಗಲ್ ಹೆಸರಿನ ನೀಲಿ ಮೊದಲಕ್ಷರ. ದಾರಿ ಹುಡುಕಿಕೊಂಡು ಹೋಗಿ ಉಳಿದ ಅಕ್ಷರಗಳನ್ನು, ಅಂದರೆ ನಮ್ಮ ಗೆಳೆಯರನ್ನು, ಒಟ್ಟುಗೂಡಿಸಬೇಕು. ಚಿತ್ರವಿಲ್ಲ, ಬರೀ ಮಾತು.

ಇದನ್ನೆಲ್ಲ ಬರೆದು, ಯುಗಾದಿಯಂದು ನಮ್ಮ ಮೇಜಿನಲ್ಲಿದ್ದ ಸ್ನೇಹಿತರೊಬ್ಬರಿಗೆ ಓದಲು ಕೊಟ್ಟೆವು. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹೇಳಿದ್ದು: 1998ರಲ್ಲಿ, ಇಸವಿ 2000ದ ತೊಂದರೆ ಸರಿಪಡಿಸುವ ಕೆಲಸಕ್ಕೆಂದು ಈ ದೇಶಕ್ಕೆ ಬಂದ ಹೊಸತು. ಒಂದು ವಿಮಾ ಕಂಪನಿಯ ಕೋಬಾಲ್ ಪ್ರೋಗ್ರಾಮುಗಳಲ್ಲಿ ತಾರೀಖು ತಿದ್ದುವುದು ಅವರ ಕೆಲಸ. ಹೆಂಡತಿ, ಮಗು ಇನ್ನೂ ಊರಿನಲ್ಲಿ. ರಾತ್ರಿ ಹನ್ನೊಂದರ ತನಕ ಆಫೀಸು. ತಾರೀಖನ್ನು ಸರಿಮಾಡುವ ಭಾಗಕ್ಕೆ ಏನಾದರೊಂದು ಹೆಸರು ಕೊಡಬೇಕಲ್ಲ, 'ಹೊಳಲ್ಕೆರೆ' ಎಂದು ಕೊಟ್ಟರು. ಯಾರೂ ಕೇಳಲಿಲ್ಲ. ಗುತ್ತಿಗೆ ಮುಗಿಯಿತು, ಬೇರೆ ಊರಿಗೆ ಹೋದರು, ಮರೆತರು.

ಹದಿನೈದು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಆ ಕಂಪನಿಯಿಂದ ಫೋನು ಬಂತಂತೆ. ಹಳೆಯ ಪ್ರೋಗ್ರಾಮುಗಳನ್ನು ಹೊಸ ಯಂತ್ರಕ್ಕೆ ಸಾಗಿಸುತ್ತಿದ್ದ ಒಬ್ಬ ಹುಡುಗಿ ಹೇಗೋ ಇವರ ನಂಬರು ಹುಡುಕಿದ್ದಳು. ಎಲ್ಲ ಸರಿಯಾಗಿದೆ, ಒಂದೇ ಒಂದು ಸಂಕ್ಷಿಪ್ತ ಪದ ಬಿಡಿಸಲಾಗುತ್ತಿಲ್ಲ, ಯಾವ ಯಾವ ಪದಗಳ ಮೊದಲಕ್ಷರ ಸೇರಿ ಅದಾಯಿತು ಎಂದು ಕೇಳಿದಳಂತೆ. ಇವರು ಹೇಳಿದರು, ಅದು ಸಂಕ್ಷಿಪ್ತವಲ್ಲ ತಾಯಿ, ಪೂರ್ತಿಯೇ ಅಷ್ಟು, ನಮ್ಮ ಊರು. ಆ ಕಡೆ ನಕ್ಕ ಸದ್ದು. ಹಾಗಾದರೆ ಹೆಸರನ್ನು ಬದಲಿಸದೆ ಹಾಗೇ ಬಿಡುತ್ತೇನೆ ಎಂದಳು.